ಗೆರೆ ಎಂದರೆ ನಡೆ, ಚುಕ್ಕಿ ಎಂದರೆ ನಿಲ್ಲು

ಸನ್ಮಾನ್ಯ ಅಧ್ಯಕ್ಷರಾದ ಹಂಪೇಶ್ ಅವರೇ, ವೇದಿಕೆಯ ಮೇಲಿರುವ ಹಿರಿಯರೇ, ಕಾಲುವೆ ಬೀದಿಯ ವರ್ತಕ ಬಂಧುಗಳೇ, ನನ್ನ ಕಚೇರಿಯ ಗೆಳೆಯರೇ, ಮುಂದಿನ ಸಾಲಿನಲ್ಲಿ ಕುಳಿತು ‘ಜಾಸ್ತಿ ಮಾತಾಡಬೇಡಿ’ ಎಂದು ಕಣ್ಣಿನಲ್ಲೇ ಹೇಳುತ್ತಿರುವ ನನ್ನ ಪತ್ನಿ ಶ್ರೀಲಕ್ಷ್ಮೀಯವರೇ, ಹಿಂದಿನ ಸಾಲುಗಳಲ್ಲಿ ಮಿರ್ಚಿ ಕರಿಯುವ ವಾಸನೆಗೆ ಆಗಲೇ ಅರ್ಧ ತಿರುಗಿ ಕುಳಿತಿರುವ ಸಭಿಕರೇ,

ನಿವೃತ್ತನಾದವನಿಗೆ ಮಾತನಾಡಲು ಐದು ನಿಮಿಷ ಕೊಟ್ಟಿದ್ದೀರಿ. ಮೂವತ್ತೊಂದು ವರ್ಷ ಫೈಲಿನಲ್ಲಿ ಮಾತನಾಡಿದವನು ನಾನು. ಬಾಯಿಯಿಂದ ಮಾತನಾಡಿ ಅಭ್ಯಾಸವಿಲ್ಲ. ಸ್ವಲ್ಪ ಉದ್ದವಾದರೆ ಸಹಿಸಿಕೊಳ್ಳಿ. ಸ್ವಲ್ಪ ಖಾರವಾದರೂ ಸಹಿಸಿಕೊಳ್ಳಿ.

ಈಗಷ್ಟೇ ಸ್ಪಂದನಾ ಅವರು ಅಭಿನಂದನಾ ಪತ್ರವನ್ನು ಬಹಳ ಚೆನ್ನಾಗಿ ಓದಿದರು. ಅದರಲ್ಲಿ ನನ್ನನ್ನು ‘ಕಾಲುವೆ ಬೀದಿಗೆ ಕಳೆ ತಂದ ಇಂಜಿನಿಯರ್’ ಎಂದು ಕರೆದಿದ್ದೀರಿ. ‘ಪಾದಚಾರಿ ಮಾರ್ಗವನ್ನೇ ರಂಗೋಲಿ ಮಾಡಿದ ವಾಸುದೇವ ಅವರು’ ಎಂದು ಬರೆದಿದ್ದೀರಿ. ಪತ್ರದ ನಾಲ್ಕೂ ಅಂಚಿಗೆ ಆ ಮಾರ್ಗಕ್ಕೆ ಹಾಸಿದ ಹಳದಿ ಬಿಲ್ಲೆಗಳ ಚಿತ್ರವನ್ನೇ ಅಚ್ಚು ಹಾಕಿಸಿದ್ದೀರಿ. ಅದನ್ನು ಕೇಳುತ್ತ ಕುಳಿತಾಗ ನನಗೆ ಮೈಯೆಲ್ಲ ಉರಿಯಿತು. ಸಂಕೋಚದಿಂದ ಎಂದುಕೊಳ್ಳಬೇಡಿ. ಸಿಟ್ಟಿನಿಂದ. ಯಾರ ಮೇಲೆ ಸಿಟ್ಟು ಎಂದು ಕೇಳುತ್ತೀರಾ? ಮೊದಲು ನಿಮ್ಮಿಂದಲೇ ಶುರು ಮಾಡುತ್ತೇನೆ.

ಆರು ಅಡಿ ಅಗಲದ ಪಾದಚಾರಿ ಮಾರ್ಗ ಅದು. ಅದರಲ್ಲಿ ಪಾದಚಾರಿಗೆ ಈಗ ಎಷ್ಟು ಉಳಿದಿದೆ? ಅಧ್ಯಕ್ಷರೇ, ತಪ್ಪು ತಿಳಿಯಬೇಡಿ. ನಿಮ್ಮ ಅಂಗಡಿಯ ಸೀರೆ ಉಟ್ಟ ಮೂರು ಬೊಂಬೆಗಳು ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ಬಂದು ನಿಲ್ಲುತ್ತವೆ. ಅವಕ್ಕೆ ನಡೆಯಲು ಬರುವುದಿಲ್ಲ, ಆದರೂ ನಡೆಯುವ ಜಾಗ ಅವಕ್ಕೇ ಬೇಕು. ಪಾತ್ರೆ ಅಂಗಡಿಯವರು ಸ್ಟೀಲಿನ ಕೊಡಗಳನ್ನು ಎದೆಯೆತ್ತರಕ್ಕೆ ಪೇರಿಸುತ್ತಾರೆ. ಔಷಧಿ ಅಂಗಡಿಯವರು ಮೂರು ಮೆಟ್ಟಿಲನ್ನು ಮಾರ್ಗದ ಮೇಲಕ್ಕೇ ತಂದಿದ್ದಾರೆ. ಕಂಪ್ಲಿಯಿಂದ ಮೂರು ಚಕ್ರದ ಗಾಡಿಯಲ್ಲಿ ಔಷಧಿಗೆ ಬಂದವರು ರಸ್ತೆಯಲ್ಲೇ ನಿಂತು, ಚೀಟಿ ಎತ್ತಿ ಹಿಡಿದು, ಯಾರಾದರೂ ನೋಡುತ್ತಾರಾ ಎಂದು ಕಾಯುತ್ತಾರೆ. ಯಾರದೋ ಹುಟ್ಟುಹಬ್ಬಕ್ಕೆ ಶುಭ ಕೋರಲು ಬಿಲ್ಲೆ ಒಡೆದು ಕಂಬ ನೆಟ್ಟಿದ್ದಾರೆ. ಕೇಳಿದರೆ, ‘ಎರಡ ದಿನ ರೀ ಸಾಹೇಬ್ರ’ ಎಂದರು. ಆ ಪುಣ್ಯಾತ್ಮರಿಗೆ ಇನ್ನೊಂದು ಹುಟ್ಟುಹಬ್ಬ ಬಂತು, ಕಂಬ ಅಲ್ಲೇ ಇದೆ.

ನಗುತ್ತಿದ್ದೀರಿ. ನಗಿ. ನಾನೂ ಕಚೇರಿಯಲ್ಲಿ ಇದನ್ನೇ ಹೇಳಿಕೊಂಡು ನಗುತ್ತಿದ್ದೆ. ದಿನಕ್ಕೆ ನಾಲ್ಕು ಸಲ ಆ ದಾರಿಯಲ್ಲಿ ಹೋಗುತ್ತಿದ್ದೆ, ಒಂದು ನೋಟಿಸು ಬರೆಯಲಿಲ್ಲ. ನಿಮ್ಮ ಅಂಗಡಿಗಳಲ್ಲಿ ನನಗೆ ಕುರ್ಚಿ ಹಾಕಿ ಚಹಾ ಕೊಡುತ್ತಿದ್ದಿರಿ. ಅದಿರಲಿ.

ನಿಮ್ಮಲ್ಲಿ ಎಷ್ಟು ಜನರಿಗೆ ಸೌಜನ್ಯ ಗೊತ್ತು? ಈ ಬೀದಿಯ ಆ ತುದಿಯಲ್ಲಿರುವ ಬ್ಯಾಂಕಿನಲ್ಲಿ ಗುಮಾಸ್ತೆ. ಬಿಳಿ ಕೋಲು ಹಿಡಿದು ಬರುವ ಹುಡುಗಿ ಎಂದರೆ ತಿಳಿಯುತ್ತದೆ. ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ಕುರೆಕುಪ್ಪದಿಂದ ದಿನಾ ಬಸ್ಸಿನಲ್ಲಿ ಬಂದು, ಈ ತುದಿಯ ನಿಲ್ದಾಣದಲ್ಲಿ ಇಳಿದು, ನಿಮ್ಮೆಲ್ಲರ ಅಂಗಡಿ ದಾಟಿ ಹೋಗಬೇಕು. ಎರಡು ವರ್ಷದ ಹಿಂದೆ ಆಕೆ ನನ್ನ ಕಚೇರಿಗೆ ಬಂದಳು. ಕೈಯಲ್ಲಿ ಒಂದು ಅರ್ಜಿ, ಪಕ್ಕದಲ್ಲಿ ತಾಯಿ ಸಂಗಮ್ಮ.

‘ಸರ್, ನಮ್ಮವ್ವ ದಿನಾ ನನ್ ಜೋಡಿ ಬಂದು ಬ್ಯಾಂಕಿನ ಕಟ್ಟಿ ಮ್ಯಾಲ ಸಂಜಿ ತನಕ ಕುಂತಿರ್ತಾಳ್ರಿ. ಆಕಿನ್ನ ಮನ್ಯಾಗ ಬಿಟ್ಟು ನಾ ಒಬ್ಬಾಕಿನ ಬರಂಗ ಆಗ್ಬೇಕ್ರಿ. ಅಷ್ಟ ಸಾಕ್ರಿ.’

ಅಷ್ಟೇ ಆಕೆ ಕೇಳಿದ್ದು. ಬೆಳಿಗ್ಗೆಯಿಂದ ಸಂಜೆಯವರೆಗೆ ಒಬ್ಬ ತಾಯಿ ಬ್ಯಾಂಕಿನ ಕಟ್ಟೆಯ ಮೇಲೆ ಬುತ್ತಿ ಇಟ್ಟುಕೊಂಡು ಕೂರುವುದು ತಪ್ಪಬೇಕು. ಇದು ದೊಡ್ಡ ಬೇಡಿಕೆಯೇ? ಆಕಾಶ ಕೇಳಿದಳೇ?

ಆಕೆ ಆ ದಿನವೇ, ಕಣ್ಣು ಕಾಣದವರಿಗೆ ದಾರಿ ತೋರುವ ಬಿಲ್ಲೆಗಳ ಬಗ್ಗೆ ಹೇಳಿದಳು. ಬಿಲ್ಲೆಯಲ್ಲಿ ಎರಡು ಬಗೆ. ಒಂದರ ಮೇಲೆ ಉದ್ದುದ್ದ ಗೆರೆ, ಇನ್ನೊಂದರ ಮೇಲೆ ಉಬ್ಬಿದ ಚುಕ್ಕಿ. ಕೋಲಿಗೂ ಪಾದಕ್ಕೂ ಅದು ತಿಳಿಯುತ್ತದೆ. ಗೆರೆ ಎಂದರೆ ನಡೆ. ಚುಕ್ಕಿ ಎಂದರೆ ನಿಲ್ಲು, ಮುಂದೆ ತಿರುವೋ ತಗ್ಗೋ ಅಪಾಯವೋ ಇದೆ. ಆಕೆ ಇಷ್ಟು ಹೇಳುವಷ್ಟರಲ್ಲಿ ನಾನು ತಡೆದೆ. ‘ಗೊತ್ತಮ್ಮ. ನನ್ನ ಸರ್ವಿಸು ನಿನ್ನ ವಯಸ್ಸಿಗಿಂತ ಜಾಸ್ತಿ ಆಗೇತಿ’ ಎಂದೆ. ಗೊತ್ತಿತ್ತೇ ನನಗೆ? ಸಭಿಕರೇ, ನನಗೆ ಗೊತ್ತಿರಲಿಲ್ಲ. ಆಮೇಲೆ ಬಿಲ್ಲೆಯ ಜೊತೆ ಬಂದ ನಕ್ಷೆಯನ್ನೂ ಬಿಚ್ಚಿ ನೋಡಲಿಲ್ಲ.

ಕೆಲಸ ಮಂಜೂರಾಯಿತು. ಉದ್ಘಾಟನೆಯ ದಿನ ಗೊತ್ತಾಗಿತ್ತು, ಹಂಪಿಗೆ ಬರುವ ಅತಿಥಿಗಳು ಹಾಗೇ ಈ ಬೀದಿಗೂ ಬಂದು ಹೋಗುತ್ತಾರೆ ಎಂದು ಮೇಲಿನಿಂದ ಅವಸರ. ಪಾಪಿನಾಯಕನಹಳ್ಳಿಯ ಹಾಲೇಶ್ ಮೇಸ್ತ್ರಿ ಒಳ್ಳೆಯ ಕೆಲಸಗಾರ, ಇಲ್ಲೇ ಬಾಗಿಲ ಹತ್ತಿರ ಕುಳಿತಿದ್ದಾನೆ. ಅವನು ಪಾಪ ಕೇಳಿದ, ‘ಸಾಹೇಬ್ರ, ಇದ್ರಾಗ ಎರಡ್ ಥರ ಅದಾವ್ರಿ. ಯಾವ್ದು ಎಲ್ಲಿ ಹಾಕ್ಲಿ?’ ಆಗ ಯಾರೋ ಹೇಳಿದರು, ಒಂದು ಗೆರೆ ಒಂದು ಚುಕ್ಕಿ, ಒಂದು ಗೆರೆ ಒಂದು ಚುಕ್ಕಿ, ಹಾಗೇ ಹಾಕಿಕೊಂಡು ಹೋಗು, ರಂಗೋಲಿಯ ಥರ ಕಾಣಬೇಕು ಎಂದು.

ಯಾರೋ ಎಂದೆ, ಅಲ್ಲವೇ? ನೋಡಿ, ಫೈಲಿನ ಭಾಷೆ ಬಾಯಿಗೂ ಬಂದುಬಿಟ್ಟಿದೆ. ಯಾರೋ ಅಲ್ಲ. ನಾನೇ. ಶ್ರೀಲಕ್ಷ್ಮೀ ಪ್ರತಿದಿನ ನಮ್ಮ ಬಾಗಿಲಿಗೆ ಹಾಕುವ ಚುಕ್ಕಿ ರಂಗೋಲಿಯನ್ನು ದಾಟಿಕೊಂಡು ಹೋದವನು ನಾನು. ನಮ್ಮ ಕಡೆಯವರಿಗೆ ಚುಕ್ಕಿ ಮತ್ತು ಗೆರೆ ಕೈಗೆ ಕೊಟ್ಟರೆ ಇನ್ನೇನು ಹೊಳೆಯುತ್ತದೆ? ಶ್ರೀಲಕ್ಷ್ಮೀಯ ತಪ್ಪಿಲ್ಲ, ಹಾಲೇಶನ ತಪ್ಪಿಲ್ಲ. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ನಡೆ, ನಿಲ್ಲು, ನಡೆ, ನಿಲ್ಲು ಎಂದು ಬರೆಸಿದ್ದು ನಾನು. ಕೊನೆಯಲ್ಲಿ ‘ಕಾಮಗಾರಿ ತೃಪ್ತಿಕರವಾಗಿದೆ’ ಎಂದು ಸಹಿ ಹಾಕಿದ್ದೂ ನಾನು. ಉದ್ಘಾಟನೆಗೆ ಬಂದವರೆಲ್ಲ ಮೊಬೈಲಿನಲ್ಲಿ ಫೋಟೊ ತೆಗೆದರು. ನೀವು ನನಗೆ ಹಾರ ಹಾಕಿದಿರಿ. ಆ ಸಭೆಗೆ ಸೌಜನ್ಯಳನ್ನು ಕರೆಯಬೇಕು ಎಂದು ನಮಗೆ ಯಾರಿಗೂ ನೆನಪಾಗಲಿಲ್ಲ.

ಮರುದಿನ ಆಕೆ ತಾಯಿಯನ್ನು ಮನೆಯಲ್ಲೇ ಬಿಟ್ಟು ಒಬ್ಬಳೇ ಬಂದಳಂತೆ. ಆ ವಾರದಲ್ಲೇ ನನ್ನ ಕಚೇರಿಗೂ ಬಂದಳು. ಜಗಳವಾಡಲಿಲ್ಲ. ‘ಸರ್, ಚುಕ್ಕಿ ಸಿಕ್ಕಾಗೊಮ್ಮೆ ನಿಲ್ತೀನ್ರಿ. ಕೋಲಿಲೆ ತಡಕಿ ನೋಡ್ತೀನ್ರಿ, ಏನೂ ಇರಂಗಿಲ್ಲ. ಹೆಜ್ಜಿ ಹೆಜ್ಜಿಗೆ ನಿಂತ್ರ ಬ್ಯಾಂಕ್ ಯಾವಾಗ ಮುಟ್ಟೂದ್ರಿ?’ ಎಂದಳು.

ಆಗ ನಾನು ಏನು ಹೇಳಬೇಕಿತ್ತು? ತಪ್ಪಾಯಿತು, ಕೀಳಿಸಿ ಬೇರೆ ಹಾಕಿಸುತ್ತೇನೆ ಎನ್ನಬೇಕಿತ್ತು. ಕೀಳಿಸಿದರೆ ‘ತೃಪ್ತಿಕರ’ ಎಂದು ಬರೆದವನ ಗತಿಯೇನು? ನಾನು ನಕ್ಕೆ. ‘ಅದು ಚಂದ ಕಾಣ್ಲಿ ಅಂತ ಹಾಕಿದ್ದಮ್ಮ. ಚುಕ್ಕಿ ಲೆಕ್ಕಕ್ಕ ಇಟ್ಕೋಬ್ಯಾಡ, ಸುಮ್ನ ನಡಿ’ ಎಂದೆ.

ಆಕೆ ನನ್ನ ಮಾತು ಕೇಳಿದಳು. ದೊಡ್ಡವರು, ಇಂಜಿನಿಯರು, ಕಟ್ಟಿಸಿದವರೇ ಹೇಳಿದ್ದಾರೆ ಎಂದು ನಂಬಿದಳು. ಮೂರನೆಯ ವಾರ ಹೂಳು ತೆಗೆಯಲು ಚರಂಡಿಯ ಚಪ್ಪಡಿ ಎತ್ತಿದವರು ತಿರುಗಿ ಮುಚ್ಚದೆ ಹೋದರು. ಇದೇ ಸಭಾಂಗಣದ ಎದುರಿಗೆ. ಆ ಬಾಯಿಯ ಹತ್ತಿರ ಚುಕ್ಕಿಯ ಬಿಲ್ಲೆ ಇತ್ತು. ಇಡೀ ಬೀದಿಯಲ್ಲಿ ಇರಬೇಕಾದ ಜಾಗದಲ್ಲಿ ಇದ್ದ ಚುಕ್ಕಿ ಅದೊಂದೇ, ಅದೂ ಆಕಸ್ಮಿಕವಾಗಿ. ಸೌಜನ್ಯಳ ಪಾದಕ್ಕೆ ಅದು ತಿಳಿಯಿತು. ಆಕೆ ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಲಿಲ್ಲ. ನಡೆದಳು.

ತೊಡೆಯ ಮೂಳೆ ಮುರಿಯಿತು. ಐದು ತಿಂಗಳು ಹಾಸಿಗೆ. ನಾನು ಮೋಸಂಬಿ ತೆಗೆದುಕೊಂಡು ನೋಡಲು ಹೋದೆ. ಚಪ್ಪಡಿ ಎತ್ತಿದವರನ್ನು ಬೈದೆ, ಮುಚ್ಚಿಸದವರನ್ನು ಬೈದೆ, ಅಲ್ಲೇ ಕುಳಿತು ಊರನ್ನೆಲ್ಲ ಬೈದೆ. ‘ಕಾಲಿಗೆ ಚುಕ್ಕಿ ಸಿಗಲಿಲ್ಲೇನಮ್ಮ?’ ಎಂದು ಬೇರೆ ಕೇಳಿದೆ. ಆಕೆ ಮೆತ್ತಗೆ ಹೇಳಿದಳು, ‘ಸಿಕ್ತ್ರಿ ಸರ್. ನೀವ ಹೇಳಿದ್ರಲ್ರಿ, ಚುಕ್ಕಿ ಲೆಕ್ಕಕ್ಕ ಇಟ್ಕೋಬ್ಯಾಡ ಅಂತ.’

ಚುಚ್ಚಲು ಹೇಳಿದ್ದಲ್ಲ. ಕೇಳಿದ್ದಕ್ಕೆ ಉತ್ತರ ಕೊಟ್ಟಳು, ಅಷ್ಟೇ. ಸಂಗಮ್ಮ ಮೋಸಂಬಿ ಸುಲಿದು ಮೊದಲ ತೊಳೆ ನನ್ನ ಕೈಗೇ ಇಟ್ಟರು. ಅಂದಿನಿಂದ ನಾನು ಸರಿಯಾಗಿ ನಿದ್ದೆ ಮಾಡಿಲ್ಲ. ಬಿಲ್ಲೆ ಬದಲಿಸಬೇಕು ಎಂದು ಮೇಲಿನವರಿಗೆ ಬರೆದೆ, ನಾಲ್ಕು ಸಲ ಬರೆದೆ. ಬಿಲ್ಲೆಗಳು ಸುಸ್ಥಿತಿಯಲ್ಲಿವೆ, ಕಾಮಗಾರಿ ತೃಪ್ತಿಕರ ಎಂದು ತಾವೇ ದಾಖಲಿಸಿದ್ದೀರಿ ಎಂದು ಉತ್ತರ ಬಂತು. ನನ್ನ ಸಹಿಯನ್ನೇ ನನಗೆ ತೋರಿಸಿದರು. ಯಾರ ಮೇಲೆ ಸಿಟ್ಟು ಎಂದು ಆಗ ಕೇಳಿದೆನಲ್ಲ? ಉತ್ತರ ಸಿಕ್ಕಿತೇ?

ಈ ಸೋಮವಾರದಿಂದ ಸೌಜನ್ಯ ಮತ್ತೆ ಕೆಲಸಕ್ಕೆ ಬರುತ್ತಿದ್ದಾಳೆ. ಕುಂಟುತ್ತ ಬರುತ್ತಾಳೆ. ಸಂಗಮ್ಮ ಮತ್ತೆ ಕಟ್ಟೆಯ ಮೇಲೆ ಬುತ್ತಿ ಇಟ್ಟುಕೊಂಡು ಕೂರುತ್ತಾರೆ. ಇಬ್ಬರೂ ಕೈ ಹಿಡಿದುಕೊಂಡು ಪಾದಚಾರಿ ಮಾರ್ಗ ಬಿಟ್ಟು, ಅದಿರಿನ ಲಾರಿಗಳು ಓಡುವ ರಸ್ತೆಯ ಅಂಚಿನಲ್ಲಿ ನಡೆಯುತ್ತಾರೆ. ಯಾಕೆ ಗೊತ್ತೇ? ಮಾರ್ಗದ ಮೇಲೆ ಇಬ್ಬರು ಜೊತೆಯಾಗಿ ನಡೆಯಲು ನಾವು ಜಾಗ ಉಳಿಸಿಲ್ಲ.

ಈಗ ಐದೂ ಇಪ್ಪತ್ತು. ಬ್ಯಾಂಕಿನವರು ಐದೂವರೆಗೆ ಸೌಜನ್ಯಳನ್ನು ಬಿಡುತ್ತಾರೆ. ಕುರೆಕುಪ್ಪದ ಬಸ್ಸು ಹಿಡಿಯಲು ಇಬ್ಬರೂ ಇದೇ ಬಾಗಿಲ ಮುಂದೆ ಹಾದು ಹೋಗಬೇಕು. ಆ ಬಾಗಿಲ ಮುಂದೆ, ಹಳದಿ ಬಿಲ್ಲೆಗಳ ಮೇಲೆ, ಸಾಲಾಗಿ ನಿಂತಿರುವ ಮೋಟರ್ ಸೈಕಲ್ಲುಗಳು ಯಾರವು? ಕುರೆಕುಪ್ಪದವರವೇ? ಅವುಗಳ ಕೀಲಿ ಯಾರ ಜೇಬಿನಲ್ಲಿದೆ? ಜೇಬು ಮುಟ್ಟಿ ನೋಡಿಕೊಳ್ಳಿ.

ಬಿಲ್ಲೆ ಬದಲಿಸುವ ಅಧಿಕಾರ ನನಗೆ ಇನ್ನಿಲ್ಲ. ಅಧಿಕಾರವಿದ್ದಾಗ ಏನು ಕಿಸಿದೆ ಎಂಬುದನ್ನು ಈಗಷ್ಟೇ ಕೇಳಿಸಿಕೊಂಡಿರಿ. ಆದರೆ ಹತ್ತು ನಿಮಿಷದಲ್ಲಿ ಗಾಡಿ ತೆಗೆಯಲು ಯಾರ ಮಂಜೂರಾತಿಯೂ ಬೇಡ. ಅಧ್ಯಕ್ಷರೇ, ನಿಮ್ಮ ಬೊಂಬೆಗಳನ್ನು ಒಳಗೆ ಕರೆಯಲೂ ಮಂಜೂರಾತಿ ಬೇಡ. ವಂದನಾರ್ಪಣೆ ಮಾಡಬೇಕಾದ ಸ್ಪಂದನಾ ಅವರು ದಯವಿಟ್ಟು ಸ್ವಲ್ಪ ತಡೆಯಬೇಕು. ಮಿರ್ಚಿ ಆರಿದರೆ ಆರಲಿ.

ಶಾಲನ್ನೂ ಪತ್ರವನ್ನೂ ಕುರ್ಚಿಯ ಮೇಲೆ ಇಟ್ಟಿದ್ದೇನೆ, ಅವನ್ನು ಪಡೆಯುವ ಯೋಗ್ಯತೆ ನನಗಿಲ್ಲ. ನನ್ನನ್ನು ಇಷ್ಟು ಹೊತ್ತು ಸಹಿಸಿಕೊಂಡಿದ್ದಕ್ಕೆ ಧನ್ಯವಾದ. ಈಗ ಮೊದಲು ಏಳುವವರಿಗೆ ಇನ್ನೂ ಹೆಚ್ಚಿನ ಧನ್ಯವಾದ. ಆದರೆ ನೀವು ಎದ್ದರೂ ನಿಮ್ಮ ಗಾಡಿಗಳು ಹೊರಗೆ ಬರುವುದಿಲ್ಲ. ಎಲ್ಲದಕ್ಕೂ ಅಡ್ಡವಾಗಿ, ಸರಿಯಾಗಿ ಆ ಚುಕ್ಕಿಯ ಮೇಲೆ, ಒಂದು ನೀಲಿ ಸ್ಕೂಟರ್ ನಿಂತಿದೆ. ತಡವಾಯಿತೆಂದು ಅವಸರದಲ್ಲಿ ನಾನೇ ನಿಲ್ಲಿಸಿ ಒಳಗೆ ಬಂದೆ. ಮೊದಲು ಅದನ್ನು ತೆಗೆಯಬೇಕು. ದಾರಿ ಬಿಡಿ, ನಾನು ಇಳಿಯುತ್ತೇನೆ.

ನಮಸ್ಕಾರ.