ಬತ್ತೀನಿ ಅಂದವಳು

ಅರವತ್ತೇಳರ ಆಷಾಢ. ದುದ್ದದ ಸಂತೆ ಮಳೆಗೆ ಹೊತ್ತಿಗೆ ಮುಂಚೆಯೇ ಕರಗಿಹೋಯಿತು, ಸಂಜೆಯ ಬಸ್ಸೂ ಬರಲಿಲ್ಲ. ಕೊಬ್ಬರಿ ಮಾರಲು ಹೋಗಿದ್ದ ನಾನು, ನನ್ನ ಜೊತೆಯ ಚಂದ್ರಯ್ಯ, ಇನ್ನೂ ಮೂರ್ನಾಲ್ಕು ಜನ ನೆನೆದ ಕೋಳಿಗಳ ಹಾಗೆ ಬೆಟ್ಟಮ್ಮಜ್ಜಿಯ ಜಗಲಿ ಹತ್ತಿದೆವು. ಜಗಲಿ ಅಂದ್ರೆ ಬಸ್‌ಸ್ಟ್ಯಾಂಡು ಅಂದ್ಕೊಂಡ್ರಾ ಎಂದು ಅಜ್ಜಿ ಬೈದಳು. ಬೈಯುತ್ತಲೇ ಗೋಣಿತಾಟು ಹಾಸಿದಳು.

ಚಂದ್ರಯ್ಯನ ಬಾಯಿ ಸುಮ್ಮನಿರುವುದಲ್ಲ. ದೆವ್ವದ ಪಾದ ಹಿಂದುಮುಂದಾಗಿರುತ್ತದಂತೆ ನಿಜವೇ ಎಂದು ಅಜ್ಜಿಯನ್ನು ಕೆಣಕಿದ.

"ನಿನ್ನ ಎಂಡ್ರ ಪಾದ ಸರಿಯಾಗಿ ನೋಡಿದ್ದೀಯೇನ್ಲಾ ಚಂದ್ರಯ್ಯ?" ಎಂದಳು ಅಜ್ಜಿ. ನಾವೆಲ್ಲ ನಕ್ಕೆವು. ಅವಳು ನಗಲಿಲ್ಲ. ಕಂಬಕ್ಕೆ ಒರಗಿ ಕೂತು, ಮಳೆಯನ್ನು ನೋಡುತ್ತ ಶುರು ಮಾಡಿದಳು.

"ಪಾದ ನೋಡುದ್ರೆ ಏನೂ ತಿಳಿಯಾಕಿಲ್ಲ ಕಣಪ್ಪಾ... ನನ್ನ ಕಡೇ ತಂಗಿ ಶಿವಗಂಗಮ್ಮ ಅಂತ, ಗಂಗಿ ಅಂತ್ಲೇ ಕರೆಯೋದು, ಅವ್ವ ಸತ್ತ ಮ್ಯಾಲೆ ನಾನೇ ಸೊಂಟದ ಮ್ಯಾಲೆ ಒತ್ಕೊಂಡು ಸಾಕಿದ್ದು. ಅರಕಲಗೂಡಿನ ಕಡೆ ದೊಡ್ಡಯ್ಯ ಅನ್ನೋನಿಗೆ ಕೊಟ್ಟೊ. ಹೊಗೆಸೊಪ್ಪಿನ ಬೇಸಾಯ, ಮನೆ ಹಿಂದ್ಲೇ ಸೊಪ್ಪು ಬೇಯಿಸೋ ಬ್ಯಾರನ್ನು, ಅನುಕೂಲಸ್ಥರು ಅಂದ್ಕೊಂಡೊ. ಆದ್ರೆ ಅವಳತ್ತೆ... ಅದುನ್ನ ಎಂಗುಸು ಅನ್ನಾನಾ? ಗಂಗಿಗೆ ಕೆಲಸ ಎಲ್ಲಾರ್ಗಿಂತ ಮೊದ್ಲು, ಮುದ್ದೆ ಎಲ್ಲಾರ್ದೂ ಆದ ಮ್ಯಾಲೆ. ತುಂಬಿದ ಬಸುರೀನ ಕಡ್ಡಿಗೆ ಸೊಪ್ಪು ಕಟ್ಟಾಕೆ ಕೂರ್ಸಿ, ನೋವು ಬತ್ತಾ ಐತೆ ಅಂದ್ರೆ, ಈ ರಾಶಿ ಮುಗ್ಸಿ ಏಳು ಅಂದ್ಲಂತೆ. ಮಗೀನ ಬೇಲಿ ಮಗ್ಗುಲಲ್ಲೇ ಮಣ್ಣು ಮಾಡುದ್ರು. ಇನ್ನೇನು ಮಿಕ್ಕಿತ್ತು ಅವಳಿಗಲ್ಲಿ?

"ಒಂದಿನ ಗಂಟು ಕಟ್ಕೊಂಡು ಒಂಟ್ಲು. ಅತ್ತೆ ಒಸ್ಲು ಮ್ಯಾಲೇ ಕುಂತವಳೆ. ಈಗ ನೀವೇ ಏಳಿ... ನಾವು ಮನೆ ಬುಟ್ಟು ಒಂಟಾಗ ಓಯ್ತೀನಿ ಅಂತೀವಾ? ಅನ್ನಾಕಿಲ್ಲ, ಅಪಶಕುನ. ನಾಲಿಗೆಗೆ ರೂಢಿ. ಇನ್ನು ಈ ಮನೆ ಮುಖ ನೋಡಾಕಿಲ್ಲ ಅಂತ ಒಂಟೋಳೂ 'ಬತ್ತೀನಿ ಅತ್ತೆ' ಅಂದ್ಬುಟ್ಲು. ಮುದುಕಿ ನಕ್ಲಂತೆ. 'ಬಾ. ಕಾಯ್ತಿರ್ತೀನಿ' ಅಂದ್ಲಂತೆ."

ಗಂಗಿ ದುದ್ದಕ್ಕೆ ಬಂದು ಅಕ್ಕನ ಮನೆ ಸೇರಿದಳು. ಎಮ್ಮೆ ಕಟ್ಟಿದಳು, ಹಾಲು ಹಾಕಿದಳು, ಮೈ ತುಂಬಿಕೊಂಡಳು. ಒಂದು ವರ್ಷ ಸೊಪ್ಪು ಮುರಿಯುವ ಕಾಲದಲ್ಲಿ ಅತ್ತೆ ಸತ್ತ ಸುದ್ದಿ ಬಂತು. ಗಂಗಿ ಸೂತಕದ ಸ್ನಾನವನ್ನೂ ಮಾಡಲಿಲ್ಲ. ಮಾರನೆಯ ಬೆಳಿಗ್ಗೆ ಎದ್ದಾಗ ಅವಳ ಎರಡು ಅಂಗೈಯೂ ಕಪ್ಪಗೆ, ಜಿಗಟಾಗಿದ್ದವು. ಹಸಿ ಹೊಗೆಸೊಪ್ಪು ಕಟ್ಟಿದವರ ಕೈಗೆ ಹತ್ತುವ ಅಂಟು. ಹುಣಸೆಹಣ್ಣು ಹಾಕಿ ಉಜ್ಜಿದರೂ ಹೋಗಲಿಲ್ಲ. ಹೋದರೂ ಮಾರನೆಯ ಬೆಳಿಗ್ಗೆಗೆ ಮತ್ತೆ ಹಾಜರು. ದುದ್ದದಲ್ಲಿ ಹೊಗೆಸೊಪ್ಪು ಬೆಳೆಯುವವರು ಯಾರು? ಹಗಲೆಲ್ಲ ಅವಳು ಕೂತಲ್ಲೇ ತೂಕಡಿಸತೊಡಗಿದಳು.

"ಆಮ್ಯಾಲೆ ದೊಡ್ಡಯ್ಯ ಬಂದ. ಅವನ ಮಾತು ಕೇಳಿ... 'ರಾತ್ರಿ ಕದ್ದು ಬಂದು ಸೊಪ್ಪೆಲ್ಲಾ ಕಟ್ಟಿಟ್ಟು ಓಯ್ತೀಯಲ್ಲ, ಅಗಲೊತ್ತು ಬರಾಕೆ ನಿಂಗೇನು ರೋಗ?' ಗಂಗಿ ತನ್ನ ಕೈ ನೋಡ್ಕೊಂಡ್ಲು. ನಾನು ಪೊರಕೆ ತಗೊಂಡು ಅವನ್ನ ಅಟ್ಟುದೆ."

ಊರಿನ ರಾಮಣ್ಣನೆಂಬ ಹಿರಿಯರು ಒಂದು ದಾರಿ ತೋರಿಸಿದರು. ಕೊಟ್ಟ ಮಾತನ್ನು ಕೊಟ್ಟ ಜಾಗದಲ್ಲೇ ಹಿಂದಕ್ಕೆ ತಗೊಳ್ಳಬೇಕು. ಹೊಸ್ತಿಲು ತುಳಿಯದೆ, ಅಂಗಳದಲ್ಲೇ ನಿಂತು 'ಹೋಗ್ತೀನಿ' ಎಂದು ತಿರುಗಿ ಬಂದುಬಿಡಬೇಕು. ಗಂಗಿ ಒಪ್ಪಿದಳು. ಬೆಟ್ಟಮ್ಮ ಒಪ್ಪಲಿಲ್ಲ.

"'ಅಲ್ಲಿಗೆ ಓದ್ರೆ ಬಂದಂಗೇ ಆಯ್ತಲ್ಲೇ ಗಂಗೀ? ಅವಳು ಕಾಯ್ತಿರೋದೂ ಅದಕ್ಕೇ ಅಲ್ವೇನೇ?' ಅಂದೆ. 'ಓಗ್ದಿದ್ರೂ ದಿನಾ ರಾತ್ರಿ ಓಯ್ತಾ ಇದೀನಲ್ಲಕ್ಕಾ' ಅಂದ್ಲು. ಒಬ್ಬಳನ್ನೇ ಕಳ್ಸಾಕಾಗ್ದೆ ನಾನೂ ಜೊತೆಗೆ ಒಂಟೆ.

"ಹಾಸನದಲ್ಲಿ ಬಸ್ಸು ಬದ್ಲಾಯ್ಸಿ, ಅರಕಲಗೂಡಿಂದ ನಡ್ಕೊಂಡು ಓದೊ. ಇಳಿಬಿಸ್ಲು. ದೊಡ್ಡಯ್ಯ ಒಲದ ಕಡೆ ಓಗಿದ್ದ, ಬಾಗ್ಲು ತೆಗೆದಿತ್ತು, ಒಳಗೆ ಒಂದು ನರಪಿಳ್ಳೆ ಇಲ್ಲ. ನಾನು ಅವಳ ಮಣಿಕಟ್ಟು ಬಿಗಿಯಾಗಿ ಇಡ್ಕೊಂಡಿದ್ದೆ. ಅಂಗಳದಲ್ಲಿ ನಿಂತು ಅವಳು ಬಾಯಿ ತೆಗೆಯೋದೂ, ಒಳಗಿಂದ 'ಲೇ ಗಂಗೀ' ಅಂತ ಕೂಗೋದೂ ಒಂದೇ ಆಯ್ತು... ಅತ್ತೆ ಕರೆದ್ರೆ ಸೊಸೆ ಏನಂತಾಳೆ? ಅಷ್ಟು ವರ್ಷ ಅಂದೂ ಅಂದೂ ಸವೆದ ನಾಲಿಗೆ. 'ಬಂದೆ ಅತ್ತೆ' ಅಂದ್ಬುಟ್ಲು. ಅಂದ ಮ್ಯಾಲೆ ಗೊತ್ತಾಯ್ತು ಅವಳಿಗೆ. ನನ್ನ ಕಡೆ ನೋಡುದ್ಲು... ಆ ನೋಟ ಯಾರ್ಗೂ ಬ್ಯಾಡ. ಕೈ ಕಿತ್ಕೊಂಡು ಒಳಕ್ಕೆ ಓದ್ಲು.

"ನಾನು ಓಡಿ ಒಸ್ಲು ಮುಟ್ಟೋದ್ರೊಳಗೆ ಅವಳೇ ಆಚೆಗೆ ಬಂದ್ಲು. ನಿಧಾನಕ್ಕೆ, ಸೆರಗು ಸರಿಮಾಡ್ಕೊಂಡು. ಕೈ ನೋಡ್ತೀನಿ, ಒಂದು ಕಲೆ ಇಲ್ಲ. ಅಬ್ಬ, ಬುಡುಗಡೆ ಆಯ್ತು ಅಂತ ಅತ್ತುಬುಟ್ಟೆ. ಆಗ ಅವಳು, 'ನಡಿಯೇ ಬೆಟ್ಟೀ, ಬಸ್ಸು ತಪ್ಪೋಯ್ತದೆ' ಅಂದ್ಲು. ಮಾತು ಬಂದಾಗ್ನಿಂದ ಅಕ್ಕಾ ಅಂತ್ಲೇ ಅಂದೋಳು ಕಣಪ್ಪಾ ನನ್ನ ಗಂಗಿ..."

ಆಮೇಲೆ ಅಜ್ಜಿ ಹೇಳಿದಳು: ದೊಡ್ಡಯ್ಯ ಆ ಮನೆ ಬಿಟ್ಟು ಹೋಗಿದ್ದಾನೆ, ಬ್ಯಾರನ್ನಿನ ಗೋಡೆ ಬಿದ್ದಿದೆ, ಆದರೂ ಆ ದಾರಿಯಲ್ಲಿ ಹೋಗುವವರಿಗೆ 'ಬಂದೆ ಅತ್ತೆ, ಬಂದೆ' ಎಂಬ ದನಿ ಈಗಲೂ ಕೇಳುತ್ತದಂತೆ.

"ಅಂಗಾದ್ರೆ ನಿನ್ನ ಜೊತೆ ಬಸ್ನಲ್ಲಿ ಬಂದೋಳು?" ಎಂದ ಚಂದ್ರಯ್ಯ.

ಅಜ್ಜಿ ದನಿ ತಗ್ಗಿಸಿದಳು.

"ನಡುಮನೇಲವಳೆ. ಆಚೆಗೆ ದಬ್ಬಾನ ಅಂದ್ರೆ ಮೈಯಿ ನನ್ನ ತಂಗೀದು. ಕರ್ಕೊಂಡೋಗಿ ಅಲ್ಲಿ ಬುಟ್ಟು ನನ್ನ ಗಂಗೀನ ಬುಡುಸ್ಕೊಂಡು ಬರಾನ ಅಂದ್ರೆ, ಆ ಒಸ್ಲಲ್ಲಿ ನನ್ನೂ ಕರೆದ್ರೆ? ನನ್ನ ನಾಲಿಗೆ ಸುಮ್ಕಿದ್ದಾದಾ? ಇಲ್ಲೂ ದಿನಾ ಕರೀತಾಳೆ. ಎದ್ದೋಗಿ ಏಳಿದ್ದು ಮಾಡ್ತೀನಿ, ಬಾಯಿ ಮಾತ್ರ ಬುಡಾಕಿಲ್ಲ... ಇಷ್ಟೊತ್ತೂ ಬಾಗ್ಲು ಹಿಂದ್ಲೇ ನಿಂತ್ಕೊಂಡು ಕೇಳ್ತಾ ಅವಳೆ. ನಿನ್ನ ಎಸ್ರೂ ಕೇಳುಸ್ಕೊಂಡ್ಲು ಚಂದ್ರಯ್ಯ. ಈಗ ಕರೀತಾಳೆ... ಓಗೊಡಬ್ಯಾಡ."