ಜೊಂಡಿನ ಪಾತಿ ಬತ್ತಿದ ವಾರ

ನನ್ನ ಚಿಕ್ಕಮ್ಮನ ಮಗ ಆ ರಾತ್ರಿ ಹನ್ನೊಂದಕ್ಕೆ ಪಂಪ್ ಮನೆಗೆ ಬೀಗ ಹಾಕಿ, ಪಾಳುಬಾವಿಯ ಪಕ್ಕದ ಕಾಲುದಾರಿ ಹಿಡಿದು ಮನೆಗೆ ಹೊರಟಿದ್ದ. ದಾರಿಯ ಒಂದು ಮಗ್ಗುಲಿಗೆ ಬಾವಿ, ಇನ್ನೊಂದು ಮಗ್ಗುಲಿಗೆ ಜೊಂಡಿನ ಪಾತಿ. ಬಾವಿಗೆ ಅವನು ಎಂದೂ ಹೆದರಿದವನಲ್ಲ. ಭಯವಿದ್ದದ್ದು ಪಾತಿಯ ತುದಿಯ ತೊಟ್ಟಿಗೆ.

ಪಾತಿ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ನಾನು ಮೇಟ್ರನ್ ಆಗಿರುವ ಆಸ್ಪತ್ರೆಯ ಕೊಳಚೆ ನೀರೆಲ್ಲ ನೆಲದಡಿಯ ಆ ತೊಟ್ಟಿಗೆ ಬೀಳುತ್ತದೆ. ರಾಡಿ ಅಲ್ಲೇ ತಳ ಹಿಡಿಯುತ್ತದೆ. ಮೇಲಿನ ನೀರು ಜಲ್ಲಿ ತುಂಬಿದ ಅಗಲವಾದ ಪಾತಿಗೆ ಹೋಗಿ, ಆಳೆತ್ತರ ಬೆಳೆದ ಜೊಂಡಿನ ಬೇರುಗಳ ನಡುವೆ ಹರಿಯುತ್ತದೆ. ಜಲ್ಲಿಯ ಮೇಲೆ ಒಂದು ಹನಿಯೂ ಕಾಣದು. ಆಚೆ ಕಡೆಯಿಂದ ಹೊರಬರುವಾಗ ನೀರು ತಿಳಿಯಾಗಿರುತ್ತದೆ, ನಾರುವುದಿಲ್ಲ. ಇದನ್ನು ನೋಡಿಕೊಳ್ಳುವ ಕೆಲಸ ನನ್ನ ಈ ತಮ್ಮನದು.

ಹಿಂದಿನ ವರ್ಷ ತೊಟ್ಟಿಗೆ ಇಳಿದ ಮೇಸ್ತ್ರಿ ಮೇಲೆ ಬರಲಿಲ್ಲ. ವಿಷಗಾಳಿ. ನನ್ನ ತಮ್ಮ ತೊಟ್ಟಿಯ ಬಾಯಿಯ ಹತ್ತಿರವೇ ನಿಂತಿದ್ದ. ಒಬ್ಬ ಬಿದ್ದರೆ ಇನ್ನೊಬ್ಬ ಇಳಿಯಕೂಡದು ಎಂಬುದು ನಿಯಮ. ಅವನು ಇಳಿಯದೆ ಜನರನ್ನು ಕರೆಯಲು ಓಡಿದ. ಮಾಡಿದ್ದು ಸರಿ ಎಂದು ಎಲ್ಲರೂ ಹೇಳಿದರು, ನಾನೂ ಹೇಳಿದೆ. ಮೇಸ್ತ್ರಿಯ ಹೆಂಡತಿ ಮಾತ್ರ, "ಒಂದು ಕೈ ಕೊಡೋಕೆ ನಿನ್ನ ಕೈಗೇನು ಮುಳ್ಳು ಚುಚ್ಚಿತ್ತಾ?" ಎಂದಳು.

ಆ ವಾರ ತೊಟ್ಟಿಯಿಂದ ಪಾತಿಗೆ ಹೋಗುವ ಕೊಳವೆ ಕಟ್ಟಿಕೊಂಡಿತ್ತು. ತೊಟ್ಟಿ ತುಂಬದಂತೆ ಮೇಲಿನ ನೀರನ್ನು ರಾತ್ರಿಯವರೆಗೂ ಪಂಪಿನಿಂದ ಹೊರಗೆ ಎತ್ತುತ್ತಿದ್ದರು. ನೀರಿಲ್ಲದೆ ಜೊಂಡು ಹಳದಿಗೆ ತಿರುಗಿತ್ತು. ಕೊಳವೆ ಬಿಡಿಸುವ ಯಂತ್ರ ಬರಲು ಇನ್ನೂ ಎರಡು ದಿನ. ಜೊತೆಗೆ ಕೆಲಸಕ್ಕಿದ್ದವನು ತಮ್ಮನ ಹೆಂಡತಿಯ ತಮ್ಮ. ಐವತ್ತು ಕಿಲೋ ತೂಗದ ಆ ಬಾಮೈದನನ್ನು ಎಲ್ಲರೂ ಕಡ್ಡಿ ಪೈಲ್ವಾನ್ ಎನ್ನುತ್ತಿದ್ದರು.

"ಭಾವ, ಐದು ನಿಮಿಷದ ಕೆಲಸ. ನಾನೇ ಇಳಿದು ಬಿಡಿಸ್ತೀನಿ."

"ಇಳಿದ್ರೆ ಕಾಲು ಮುರೀತೀನಿ."

"ಇರೋದೇ ಎರಡು ಕಡ್ಡಿ. ಮುರಿದು ಒಲೆಗೆ ಹಾಕ್ತೀರಾ?"

ಆ ರಾತ್ರಿ ಹುಡುಗ ಮನೆಗೆ ಹೋಗುತ್ತೇನೆಂದು ತಮ್ಮನಿಗಿಂತ ಹತ್ತು ನಿಮಿಷ ಮುಂಚೆ ಹೊರಟುಹೋದ.

ಗಾಳಿ ಇರಲಿಲ್ಲ. ಪಾತಿಯಲ್ಲಿ ನೀರಿನ ಮಟ್ಟ ನೋಡಲು ಸಾಲಾಗಿ ಕೊಳವೆಗಳನ್ನು ನೆಟ್ಟಿದ್ದಾರೆ, ತಗಡಿನ ಮುಚ್ಚಳದವು. ನನ್ನ ತಮ್ಮ ಬಾವಿ ದಾಟುತ್ತಿದ್ದಂತೆ ಮೊದಲನೆಯದು ಸದ್ದು ಮಾಡಿತು.

ಟಕ್...

ಕಪ್ಪೆ ಇರಬೇಕು ಎಂದುಕೊಂಡ.

ಟಕ್... ಎರಡನೆಯದು. ಒಳಗಿನಿಂದ ಬೆರಳ ಗೆಣ್ಣಿನಲ್ಲಿ ಬಡಿದ ಹಾಗೆ. ಜಲ್ಲಿಯ ಮೇಲೆ ಹೆಜ್ಜೆ ಸದ್ದಿಲ್ಲ. ಜೊಂಡು ಅಲುಗಲಿಲ್ಲ. ಮೂರನೆಯದು... ನಾಲ್ಕನೆಯದು... ಸದ್ದು ತೊಟ್ಟಿಯ ಕಡೆಗೆ ಹೋಗುತ್ತಿತ್ತು. ಅವನು ಅದರ ಹಿಂದೆಯೇ ನಡೆದ.

ತೊಟ್ಟಿಯ ಮುಚ್ಚಳ ತೆಗೆದಿತ್ತು. ಪಕ್ಕದಲ್ಲಿ ಒಂದು ಜೊತೆ ಚಪ್ಪಲಿ. ಒಳಗೆ ಟಾರ್ಚ್ ಬೆಳಕು ಬಿಟ್ಟು ನೋಡಿದ. ಕಡ್ಡಿ ಪೈಲ್ವಾನ್ ತಳದಲ್ಲಿ ಗೋಡೆಗೆ ಒರಗಿ, ಕತ್ತು ವಾಲಿಸಿ, ಎದೆಮಟ್ಟದ ರಾಡಿಯಲ್ಲಿ ಕೂತಿದ್ದ. ಕೂಗಿದರೆ ಓ ಎನ್ನಲಿಲ್ಲ.

ಈ ಸಲ ಓಡಿಹೋಗಲಾರೆ ಅನ್ನಿಸಿತಂತೆ. ಕಬ್ಬಿಣದ ಮೊದಲ ಮೆಟ್ಟಿಲಿಗೆ ಕಾಲಿಟ್ಟ.

ಆಗ ಕೆಳಗಿನಿಂದ ಪಿಸುದನಿ...

"ಅಳಿಯಾ... ಇಳೀಬೇಡ."

ಯಾವ ಸಂಬಂಧವೂ ಇಲ್ಲದೆ ಅವನನ್ನು ಅಳಿಯಾ ಎಂದು ಛೇಡಿಸುತ್ತಿದ್ದವನು ಮೇಸ್ತ್ರಿ ಒಬ್ಬನೇ.

"ಮೇಸ್ತ್ರಿ... ನಾನು ಅವತ್ತು..."

"ಮಾತು ಸಾಕು. ಹಗ್ಗ ಬಿಡು."

ಪಂಪ್ ಮನೆಯ ಹೊರಗೋಡೆಯಲ್ಲಿ ತೂಗುಹಾಕಿದ್ದ ಹಗ್ಗ ತಂದು ಇಳಿಬಿಟ್ಟ. ಟಾರ್ಚ್ ಕೈಜಾರಿ ಒಳಗೆ ಬಿತ್ತು. ಕತ್ತಲೆ. ಗೊಳಕ್... ಗೊಳಕ್... ರಾಡಿಯಲ್ಲಿ ಯಾರೋ ಕಾಲು ಕಿತ್ತು ಕಾಲಿಡುತ್ತಿದ್ದರು. ಆಮೇಲೆ ಏನೂ ಇಲ್ಲ. ಆಮೇಲೆ ಹಗ್ಗ ಎರಡು ಸಲ ಜಗ್ಗಿತು. ಅದನ್ನು ತೊಟ್ಟಿಯ ಬಾಯಿಯ ಪಕ್ಕದ ಕಂಬಿಗೆ ಒಂದು ಸುತ್ತು ಹಾಕಿ ಎಳೆದ. ಬಾಮೈದನನ್ನು ಹೆಗಲ ಮೇಲೆ ಹಾಕಿಕೊಂಡು, ಹಗ್ಗದ ಸಮೇತ, ರಾತ್ರಿ ಡ್ಯೂಟಿಯಲ್ಲಿದ್ದ ನನ್ನ ಬಳಿ ಓಡಿಬಂದ.

ಹುಡುಗ ಬದುಕಿದ. ಬುದ್ಧಿ ಪೂರ್ತಿ ಮರಳಲಿಲ್ಲ. ಇವತ್ತಿಗೂ ಸ್ವಂತ ಅಕ್ಕನ ಗುರುತು ಹಿಡಿಯಲು ಅವನಿಗೆ ಹೊತ್ತು ಬೇಕು. ಮೀಯಿಸುವುದು, ಉಣಿಸುವುದು ಎಲ್ಲ ನನ್ನ ತಮ್ಮನೇ.

ವಾರದ ನಂತರ ತಮ್ಮ ಮೇಸ್ತ್ರಿಯ ಮನೆಗೆ ಹೋಗಿ ನಡೆದದ್ದನ್ನೆಲ್ಲ ಹೇಳಿದ. ಆಕೆ ಬಾಗಿಲಲ್ಲೇ ನಿಂತು ಕೇಳಿದಳು.

"ಅವರು ನನ್ನ ವಿಷಯ ಏನಾದ್ರೂ ಕೇಳಿದ್ರಾ?"

"ಇಲ್ಲ ಅಕ್ಕಾ."

ಆಕೆ ಬಾಗಿಲು ಹಾಕಿಕೊಂಡಳು.

ನಾನು ಕಾನ್ವೆಂಟಿನಲ್ಲಿ ಓದಿದವಳು. ದೆವ್ವ ಭೂತ ಎಂದ ನರ್ಸುಗಳನ್ನು ಎಷ್ಟೋ ಸಲ ಗದರಿದವಳು. ನನ್ನ ತಮ್ಮ ಕನಸು ಕಂಡಿರಬಹುದು ಎನ್ನುವವರು ಎನ್ನಲಿ. ಆ ಹಗ್ಗವನ್ನು ಕತ್ತರಿಯಿಂದ ಕತ್ತರಿಸಿದ್ದು ಮಾತ್ರ ನಾನೇ, ದೀಪದ ಬೆಳಕಿನಲ್ಲಿ, ಇಬ್ಬರು ನರ್ಸುಗಳ ಎದುರಿಗೆ. ಕಂಕುಳಡಿಯಲ್ಲಿ ಎರಡು ಸುತ್ತು ಸುತ್ತಿತ್ತು. ಗಂಟು ಹುಡುಗನ ಬೆನ್ನಿನ ನಡುವೆ, ಅವನ ಕೈಗೆ ಎಟುಕದ ಕಡೆ ಇತ್ತು.