ಕೊಂಬಿಲ್ಲದ ಬೇಟೆ

ಎಸ್ಬಿಯರ್ ಊರಿನ ಮೂಳೆ ಡಾಕ್ಟರ ಬಾಗಿಲಲ್ಲಿ ಕಾಯುತ್ತಿದ್ದ ಮಾರೆನ್‌ಗೆ, ಪಕ್ಕದಲ್ಲಿ ಕೂತ ಅಕ್ಕ-ತಮ್ಮನ ಜಗಳ ಕೇಳಿ ಸೊಂಟನೋವೇ ಮರೆತುಹೋಯಿತು.

"ಅಕ್ಕಾ, ಸಮುದ್ರ ದಾಟಿ ಸ್ಕಾಟ್ಲೆಂಡಿಗೆ ಹೋಗಿ ಕೊಂಬಿಲ್ಲದ ಹೆಣ್ಣು ಜಿಂಕೆ ಹೊಡೀತೀಯಾ? ಬೇಟೆ ಸಂಘದವರು ನಗ್ತಾರೆ."

"ನಗಲಿ. ಗಂಡು ಬೇಕಂದ್ರೆ ಕೊಂಬಿನ ಅಳತೆ ನೋಡಿ ದುಡ್ಡು ಸುಲೀತಾರೆ ಕಣೋ. ಹೆಣ್ಣಾದ್ರೆ ನನ್ನ ಪಿಂಚಣಿಯಲ್ಲೇ ಆಗುತ್ತೆ."

"ಗೋಡೆಗೆ ಏನು ತೂಗುಹಾಕ್ತೀಯಾ?"

"ನಿನ್ನ ಗೋಡೇಲಿ ಹನ್ನೊಂದು ಜೊತೆ ಕೊಂಬಿದೆಯಲ್ಲ, ಒಂದಾದ್ರೂ ಸಾರು ಮಾಡೋಕೆ ಬಂತಾ?"

"ಈ ಮಂಡಿನೋವು ಇಟ್ಕೊಂಡು ಗುಡ್ಡ ಹತ್ತೋದು ಹೇಗೆ?"

"ಅಲ್ಲಿ ಕುದುರೆ ಇರುತ್ತಂತೆ."

"ಅದು ಸತ್ತ ಜಿಂಕೆ ಹೊರೋಕೆ!"

"ಹತ್ತೋದು ಹೇಗೋ ಹತ್ತುತ್ತೀನಿ. ಇಳಿಯುವಾಗ ಜಿಂಕೆ ಜೊತೆ ನನ್ನನ್ನೂ ಹೇರಲಿ."

ನರ್ಸ್ "ಬೋಡಿಲ್" ಎಂದು ಕೂಗಿದಳು. ಅಕ್ಕ ಊರುಗೋಲು ಊರಿ ಎದ್ದಳು.

"ಡಾಕ್ಟರು ಬೇಡ ಅಂದ್ರೆ?"

"ಮಂಡಿ ತೋರಿಸೋಕೆ ಬಂದಿದೀನಿ ಕಣೋ, ಅಪ್ಪಣೆ ಕೇಳೋಕಲ್ಲ," ಅನ್ನುತ್ತಾ ಬೋಡಿಲ್ ಒಳಗೆ ಹೋದಳು.